ಕರೆಂಟ್ ಹೋದರೂ ಕರೆಂಟ್ ಇರುವ ಮನೆ

ಸಹೋದರಿಯರೇ, ಮುಂಗಾರಿನ ಮೊದಲ ಗಾಳಿ ಬೀಸಿದರೆ ಸಾಕು, ಶಿಕಾರಿಪುರ ಮತ್ತು ಸೊರಬದ ಕಡೆ ಎಲ್ಲಾದರೊಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ. ಆನವಟ್ಟಿ, ಜಡೆ, ಚಂದ್ರಗುತ್ತಿಯ ಸುತ್ತಲಿನ ಒಳ ಹಳ್ಳಿಗಳಾದರೆ ಅದು ಮರುದಿನವೇ ಬಂದರೂ ಬರಬಹುದು. ಪಕ್ಕದ ಸಾಗರ ತಾಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ವಿದ್ಯುತ್ ತಯಾರಿಸಬಹುದು. ಅಷ್ಟು ಹತ್ತಿರವಿದ್ದೂ ನಮ್ಮ ತಾಯಂದಿರು ಮಳೆಗಾಲದ ರಾತ್ರಿಗಳಲ್ಲಿ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ರೊಟ್ಟಿ ಬೇಯಿಸಿದರು. ಈಗ ಬುಡ್ಡಿಯ ಜಾಗಕ್ಕೆ ಇನ್ವರ್ಟರ್ ಬಂದಿದೆ. ಸಹರಿಯ ಹೊತ್ತಿಗೆ ಕರೆಂಟ್ ಹೋದರೂ ಅಡುಗೆಮನೆಯಲ್ಲಿ ತಡಕಾಡಬೇಕಾಗಿಲ್ಲ. ಅನುಕೂಲವೇನೋ ಹೌದು. ಆದರೆ ಬುಡ್ಡಿಯನ್ನು ಹೇಗೆ ಹಿಡಿಯಬೇಕೆಂದು ಎಲ್ಲರಿಗೂ ಗೊತ್ತಿತ್ತು, ಇನ್ವರ್ಟರ್ ಬಗ್ಗೆ ಹಾಗೆ ಹೇಳುವಂತಿಲ್ಲ.

ಶಿರಾಳಕೊಪ್ಪದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗ್ರಿಬ್ ಆಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಹಾಲ್‌ನ ದೀಪ ಇನ್ವರ್ಟರ್‌ನಿಂದ ಉರಿಯುತ್ತಿತ್ತು, ಅಡುಗೆಮನೆಯದು ಮಾತ್ರ ಉರಿಯಲಿಲ್ಲ. ಹೋಲ್ಡರ್ ಸಡಿಲವಾಗಿತ್ತು. "ಹೇಗೂ ಕರೆಂಟ್ ಇಲ್ಲವಲ್ಲ ಭಾಬಿ, ಈಗಲೇ ಸರಿ ಮಾಡಿಬಿಡುತ್ತೇನೆ" ಎಂದು ಮೈದುನ ಸ್ಟೂಲ್ ಹತ್ತಿದ. ಹೋಲ್ಡರ್ ಬಿಚ್ಚಿ ತಂತಿಗೆ ಕೈ ಹಾಕಿದ್ದೇ ತಡ, ಶಾಕ್ ಹೊಡೆದು ಕೆಳಗೆ ಬಿದ್ದ. ಮಣಿಕಟ್ಟು ಮುರಿಯಿತು. ಅಲ್ಲಾಹನ ದಯೆಯಿಂದ ಅಷ್ಟರಲ್ಲೇ ಮುಗಿಯಿತು.

ಹಾಲ್‌ನಲ್ಲಿ ದೀಪ ಉರಿಯುತ್ತಿರುವುದನ್ನು ನೋಡುತ್ತಲೇ ಆತ "ಕರೆಂಟ್ ಇಲ್ಲ" ಎಂದಿದ್ದ! ನಾವೆಲ್ಲರೂ ಹಾಗೇ ಹೇಳುತ್ತೇವೆ. ನಮ್ಮ ಬಾಯಲ್ಲಿ ಕರೆಂಟ್ ಎಂದರೆ ಮೆಸ್ಕಾಂನ ಕಂಬದಿಂದ ಬರುವುದು ಮಾತ್ರ. ಬ್ಯಾಟರಿಯಲ್ಲಿ ಇರುವುದು ಬರೀ 12 ವೋಲ್ಟ್ ನಿಜ. ಆದರೆ ಅದನ್ನು ಕಂಬದ ಕರೆಂಟಿನಂತೆಯೇ ಸುಮಾರು 230 ವೋಲ್ಟ್ ಮಾಡಿ ಗೋಡೆಯೊಳಗಿನ ಅದೇ ತಂತಿಗೆ ಕಳಿಸುವುದೇ ಇನ್ವರ್ಟರ್‌ನ ಕೆಲಸ. ಅದು ಹೊಡೆಯುವ ಶಾಕ್ ಕೂಡ ಅಂಥದ್ದೇ, ಜೀವ ತೆಗೆಯಬಲ್ಲದು.

ಆದ್ದರಿಂದ ಬಲ್ಬ್ ಹೋಲ್ಡರ್, ಫ್ಯಾನ್, ಸ್ವಿಚ್ ಏನನ್ನೇ ಬಿಚ್ಚುವ ಮೊದಲು ಎರಡು ಕಡೆ ಆಫ್ ಮಾಡಬೇಕು. ಒಂದು ಮನೆಯ ಮೈನ್ ಸ್ವಿಚ್, ಇನ್ನೊಂದು ಇನ್ವರ್ಟರ್‌ನ ಮುಂಭಾಗದ ಸ್ವಿಚ್. ಒಂದನ್ನೇ ಆಫ್ ಮಾಡಿದರೆ ಸಾಲದು. ಮೈನ್ ಮಾತ್ರ ತೆಗೆದರೆ ಇನ್ವರ್ಟರ್ "ಕರೆಂಟ್ ಹೋಯಿತು" ಎಂದು ತಿಳಿದು ತಾನೇ ಶುರುವಾಗುತ್ತದೆ. ಇನ್ವರ್ಟರ್ ಮಾತ್ರ ಆಫ್ ಮಾಡಿದರೆ ಕಂಬದ ಕರೆಂಟ್ ಅದರ ಮೂಲಕವೇ ಹಾದು ಬರುತ್ತದೆ. ಎರಡನ್ನೂ ಆಫ್ ಮಾಡಿದ ಮೇಲೂ ಟೆಸ್ಟರ್ ಹಚ್ಚಿ ನೋಡಿ. ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೂ ಇದೇ ಮಾತು. ಅವರನ್ನು ಕೈಯಿಂದ ಎಳೆಯಬೇಡಿ, ಎರಡೂ ಸ್ವಿಚ್ ತೆಗೆಯಿರಿ. ಅಷ್ಟು ಹೊತ್ತಿಲ್ಲವಾದರೆ ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ದೂಡಿ. ಶಿರಾಳಕೊಪ್ಪದ ಭಾಬಿ ಈಗ ಇನ್ವರ್ಟರ್ ಮೇಲೆ ಉರ್ದು ಮತ್ತು ಕನ್ನಡ ಎರಡರಲ್ಲೂ ಚೀಟಿ ಬರೆದು ಅಂಟಿಸಿದ್ದಾರೆ.

ಮೀಟರ್ ಪಕ್ಕದಲ್ಲಿ ಆರ್‌ಸಿಸಿಬಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಕರೆಂಟ್ ಸೋರಿದರೆ ತಕ್ಷಣ ಬೀಳುವ ಸ್ವಿಚ್ ಅದು. ಮನೆಗೆ 30 ಮಿಲಿ ಆಂಪಿಯರ್‌ನದು ಬೇಕು. ಆದರೆ ಇನ್ವರ್ಟರ್ ಓಡುವಾಗ ಅದರಿಂದ ಹೊರಟ ಕರೆಂಟನ್ನು ಮೀಟರ್ ಬಳಿಯ ಆರ್‌ಸಿಸಿಬಿ ಕಾಯುತ್ತದೆಂದು ನಂಬುವಂತಿಲ್ಲ. ಇನ್ವರ್ಟರ್ ಲೈನಿಗೆ ಬೇರೆಯದೇ ಒಂದನ್ನು ಹಾಕಿಸಿ. ಒಂದು ಚೂಡಿದಾರ್‌ನ ಖರ್ಚು ಎಂದುಕೊಳ್ಳಿ.

ಮನೆಯಲ್ಲಿ ಮದುವೆಯಿದ್ದು ಬಾಡಿಗೆ ಜನರೇಟರ್ ತರಿಸುವಾಗ ಇನ್ನೊಂದು ಅಪಾಯವಿದೆ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ, ಒಂದನ್ನು ಜನರೇಟರ್‌ಗೂ ಇನ್ನೊಂದನ್ನು ಗೋಡೆಯ ಸಾಕೆಟ್‌ಗೂ ಚುಚ್ಚಿ ಇಡೀ ಮನೆಗೆ ದೀಪ ಹಚ್ಚುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಮೈನ್ ತೆಗೆಯಲು ಮರೆತರೆ ಆ ಕರೆಂಟ್ ಹಿಮ್ಮುಖವಾಗಿ ಕಂಬ ಹತ್ತುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟ್‌ವರೆಗೆ ಏರಿಸಬಲ್ಲದು. ಮಳೆಯಲ್ಲಿ ನೆನೆಯುತ್ತಾ ನಮ್ಮ ಲೈನ್ ಸರಿ ಮಾಡಲು ಬಂದ ಲೈನ್‌ಮ್ಯಾನ್ ಆ ತಂತಿಯ ಮೇಲೆ ಕೈ ಇಟ್ಟಿರುತ್ತಾನೆ. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಇನ್ನು ಬ್ಯಾಟರಿ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಬೋರ್‌ವೆಲ್ ನೀರಿನ ಲವಣ ಒಳಗಿನ ಸೀಸದ ತಟ್ಟೆಗಳನ್ನು ಹಾಳು ಮಾಡುತ್ತದೆ. ನೀರು ಕಡಿಮೆಯಾದಾಗ ಆಸಿಡ್ ಹಾಕುವುದೂ ತಪ್ಪು, ಏಕೆಂದರೆ ಆರುವುದು ನೀರು ಮಾತ್ರ. ಎರಡು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ. ನೋಡುವ ಮೊದಲು ಬಳೆ, ಉಂಗುರ ತೆಗೆದಿಡಿ. ಚಿನ್ನದ ಬಳೆ ಎರಡು ಟರ್ಮಿನಲ್‌ಗಳಿಗೂ ತಾಗಿದರೆ ಕ್ಷಣದಲ್ಲಿ ಕಾದು ಕೆಂಪಾಗಿ ಮಣಿಕಟ್ಟು ಸುಡುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಹಾಗಾಗಿ ಗಾಳಿಯಾಡದ ಕಪಾಟಿನೊಳಗೆ ಬ್ಯಾಟರಿ ಬೇಡ, ಅದರ ಬಳಿ ಊದುಬತ್ತಿ, ಲೋಬಾನ ಬೇಡ. ಆಸಿಡ್ ಅಥವಾ ಬ್ಯಾಟರಿ ನೀರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ, ಮಕ್ಕಳು ಓದಿ ಕುಡಿಯುವುದಿಲ್ಲ. ಆಸಿಡ್ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ.

"ಬ್ಯಾಟರಿ ಬೇಗ ಖಾಲಿಯಾಗುತ್ತದೆ" ಎನ್ನುವವರು ಒಂದು ಲೆಕ್ಕ ನೋಡಿ. 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಹಿಂಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಇನ್ವರ್ಟರ್ ತಾನೇ ತಿನ್ನುವುದನ್ನೂ ಕಳೆದರೆ ನಮಗೆ ದಕ್ಕುವುದು ಸುಮಾರು 700. 75 ವ್ಯಾಟಿನ ಎರಡು ಫ್ಯಾನ್, 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬ್ ಹಾಕಿದರೆ ನಾಲ್ಕು ಗಂಟೆ. ಅದೇ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಾದರೆ ಎಂಟು ಗಂಟೆ. ಇಸ್ತ್ರಿ, ಗೀಸರ್, ಪಂಪು ಈ ಲೈನಿಗೆ ಬೇಡವೇ ಬೇಡ. ಪ್ರವಾಸಕ್ಕೆಂದು ಮನೆಯನ್ನೇ ಚಕ್ರದ ಮೇಲೆ ಕಟ್ಟಿದಂತಿರುವ ಕ್ಯಾರವಾನ್ ವಾಹನಗಳಲ್ಲೂ ಇಂಥದೇ ಬ್ಯಾಟರಿ, ಇದೇ ಲೆಕ್ಕ. ಕಾಡಿನ ಮಧ್ಯೆ ನಿಂತಾಗ ಖಾಲಿಯಾದರೆ ಗತಿಯಿಲ್ಲವೆಂದು ಅಲ್ಲಿ ಒಂದೊಂದು ಬಲ್ಬನ್ನೂ ಎಣಿಸಿ ಹಚ್ಚುತ್ತಾರೆ. ನಾವು ಮನೆಯಲ್ಲಿ ಎಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಸತ್ತ ಬ್ಯಾಟರಿಯನ್ನು ಬೀದಿಗೆ ಬಂದ ಗುಜರಿಯವನಿಗೆ ಕೊಡಬೇಡಿ. ಅದನ್ನು ಎಲ್ಲೋ ಹಿತ್ತಲಲ್ಲಿ ಒಡೆದು ಸೀಸ ಕಾಯಿಸಿದರೆ ಆ ಹೊಗೆ, ಧೂಳು ಸುತ್ತಲಿನ ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.