ಒಂದು ಕಾಳಗದ ಆಟವೂ ನಮ್ಮ ಹೆಣ್ಣುಮಕ್ಕಳೂ

ತನ್ನ ಮಗಳು ಅಣ್ಣನೊಡನೆ ಕುಳಿತು ಗುದ್ದಾಟದ ವಿಡಿಯೋ ಆಟ ಆಡುವಳೆಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನೊಡನೆ ದುಃಖಪಟ್ಟಳು. ಮೊದಲು ನಾನೂ ತಲೆದೂಗಿದೆನು. ಆದರೆ ಪರೀಕ್ಷಿಸದೆ ಯಾವುದನ್ನೂ ತಳ್ಳಿಹಾಕುವುದು ಉಪಾಧ್ಯಾಯಿನಿಗೆ ತಕ್ಕುದಲ್ಲವಾದುದರಿಂದ, ಇಂಥ ಆಟಗಳಿಗೆಲ್ಲ ಮೇಲ್ಪಂಕ್ತಿಯಾದ ‘ಸ್ಟ್ರೀಟ್ ಫೈಟರ್ ೨’ ಎಂಬುದರ ವೃತ್ತಾಂತವನ್ನು ವಿಚಾರಿಸಿ ತಿಳಿದೆನು.

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು ೧೯೯೧ರಲ್ಲಿ ಕಾಸು ಹಾಕಿ ಆಡುವ ಯಂತ್ರದಲ್ಲಿ ಇದನ್ನು ಹೊರತಂದರು. ಎಂಟು ಮಂದಿ ಕಾಳಗಗಾರರಲ್ಲಿ ಒಬ್ಬರನ್ನು ಆರಿಸಿಕೊಂಡು, ಒಂದು ಹಿಡಿಕೆಯಿಂದಲೂ ಆರು ಗುಂಡಿಗಳಿಂದಲೂ ನಡೆಸಬೇಕು. ಅಂದಿನ ಅನೇಕ ಯಂತ್ರಗಳಲ್ಲಿ ಅಂಕಗಳನ್ನು ಕೂಡಿಹಾಕುವುದೇ ಗುರಿಯಾಗಿದ್ದಿತು. ಇಲ್ಲಿಯಾದರೋ ಅಪರಿಚಿತರಿಬ್ಬರು ಪಕ್ಕಪಕ್ಕದಲ್ಲಿ ನಿಂತು ಒಬ್ಬರ ಬುದ್ಧಿಯನ್ನು ಒಬ್ಬರು ಅಳೆಯುವುದೇ ಮುಖ್ಯವಾಯಿತು. ಎಡೆಬಿಡದೆ ಪೆಟ್ಟಿಗೆ ಪೆಟ್ಟನ್ನು ಜೋಡಿಸುವ ‘ಕಾಂಬೋ’ ತಯಾರಕರು ಉದ್ದೇಶಿಸಿದ್ದಲ್ಲ. ಅಕಸ್ಮಾತ್ತಾಗಿ ಕಂಡುಬಂದು, ಮುಂದೆ ಈ ಜಾತಿಯ ಆಟಗಳಿಗೆಲ್ಲ ತಳಹದಿಯಾಯಿತು. ೧೯೯೬ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಈ ಆಟದ ಅಭಿಮಾನಿಗಳು ನಡೆಸಿದ ಸಣ್ಣ ಪಂದ್ಯವು ‘ಇವೋ’ ಎಂಬ ದೊಡ್ಡ ಕೂಟವಾಗಿ ಬೆಳೆಯಿತು. ೨೦೨೩ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಸರಣಿಯ ಐದನೆಯ ಆಟಕ್ಕೆ ಪದಕವನ್ನಿಟ್ಟಿದ್ದರು.

ಆದರೆ ನನ್ನ ಮನಸ್ಸನ್ನು ಸೆಳೆದ ಸಂಗತಿಯು ಬೇರೆ. ಆ ಎಂಟು ಮಂದಿಯಲ್ಲಿ ಚುನ್-ಲೀ ಒಬ್ಬಳೇ ಹೆಂಗಸು. ಪ್ರತಿಯೊಬ್ಬರ ಬಲವನ್ನೂ ತೆರೆಯ ಮೇಲ್ಗಡೆ ಒಂದು ಪಟ್ಟಿಯು ತೋರಿಸುತ್ತದೆ. ಹೆಂಗಸಿಗೆ ಶಕ್ತಿ ಕಡಮೆಯಷ್ಟೆ, ಆಕೆಯ ಪಟ್ಟಿಯನ್ನು ಗಿಡ್ಡಮಾಡೋಣವೆಂದು ತಯಾರಕರಲ್ಲಿಯೇ ಒಂದು ಸೂಚನೆ ಬಂದಿತಂತೆ. ಜೊತೆಗಾರರೊಬ್ಬರು ಒಪ್ಪಲಿಲ್ಲ, ಪಟ್ಟಿಯು ಸಮನಾಗಿಯೇ ಉಳಿಯಿತು. ಆಟದ ಸಂಗೀತದ ಬಹುಭಾಗವನ್ನು ರಚಿಸಿದವರು ಕೂಡ ಯೋಕೊ ಶಿಮೊಮುರ ಎಂಬ ಮಹಿಳೆ. ಒಸಾಕದ ಸಂಗೀತ ಕಾಲೇಜಿನಲ್ಲಿ ಕಲಿತವರು.

ದೋಷವಿಲ್ಲವೆಂದು ನಾನು ಹೇಳಲಾರೆನು. ನಮ್ಮ ದೇಶದವನೆಂದು ತೋರಿಸಿರುವ ಧಾಲ್ಸಿಮ್ ಕೊರಳಲ್ಲಿ ತಲೆಬುರುಡೆಗಳನ್ನು ಧರಿಸಿ ಬಾಯಿಂದ ಬೆಂಕಿಯುಗುಳುವ ಯೋಗಿ. ಭಾರತವನ್ನು ಇಷ್ಟರಿಂದಲೇ ತಿಳಿದವನು ಏನನ್ನೂ ತಿಳಿದಂತಾಗಲಿಲ್ಲ. ಪಾಠವನ್ನು ಬದಿಗಿಟ್ಟು ಆಡುವುದೂ ಸರಿಯಲ್ಲ. ಇವನ್ನು ಮಕ್ಕಳಿಗೆ ತಿಳಿಯಹೇಳುವುದು ನಮ್ಮ ಕರ್ತವ್ಯ.

ಆದರೂ, ಪೋಷಕರೇ, ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುವೆನು. ಮಗನಿಗೆ ಗಣಿತದ ಮನೆಪಾಠ, ಮಗಳಿಗೆ ‘ಇಷ್ಟು ಸಾಕು’. ಮಗನು ಸೋತರೆ ‘ಇನ್ನೊಮ್ಮೆ ಪ್ರಯತ್ನಿಸು’, ಮಗಳು ಸೋತರೆ ‘ಮೊದಲೇ ಹೇಳಿರಲಿಲ್ಲವೇ?’ ಹೀಗೆ ಕಣಕ್ಕಿಳಿಯುವ ಮುಂಚೆಯೇ ಅವಳ ಪಟ್ಟಿಯನ್ನು ಗಿಡ್ಡಮಾಡುವವರು ನಾವಲ್ಲವೇ? ಗೆಲ್ಲುವುದೂ ಸೋಲುವುದೂ ಅವಳ ಅಭ್ಯಾಸಕ್ಕೆ ಸೇರಿದ್ದು. ಪಟ್ಟಿಯನ್ನು ಸಮನಾಗಿಡುವುದು ನಮಗೆ ಸೇರಿದ್ದು. ಆ ತಾಯಿಗೆ ನಾನು ಕೊಟ್ಟ ಉತ್ತರವೂ ಇದೇ: ಪಾಠ ಮುಗಿದ ಮೇಲೆ ಮಗಳು ಅಣ್ಣನೊಡನೆ ಆಡಲಿ, ಅವಳು ಗೆದ್ದ ದಿನ ಅಣ್ಣನು ಸಂತೋಷದಿಂದ ಒಪ್ಪಿಕೊಳ್ಳುವುದನ್ನೂ ಕಲಿಯಲಿ.