ಪಾಠ ಮೊಬೈಲಿಗೆ ಬರಲಿ, ಮೇಷ್ಟ್ರು ವಾರ್ಡಿಗೆ ಬರಲಿ

ಎಂಬಿಬಿಎಸ್ ಓದುವ ಮಕ್ಕಳನ್ನು ಪಾಠ ಎಲ್ಲಿ ಕಲಿಯುತ್ತೀರಿ ಎಂದು ಕೇಳಿದರೆ ಬಹಳ ಮಂದಿ ಮೊಬೈಲ್ ತೋರಿಸುತ್ತಾರೆ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ ಕಡ್ಡಾಯವಾದ್ದರಿಂದ ಹಗಲು ಲೆಕ್ಚರ್ ಹಾಲ್‌ನಲ್ಲಿ ಕೂರುತ್ತಾರೆ. ರಾತ್ರಿ, ಪೀಜಿ ನೀಟ್ ನೆನೆದು, ದುಡ್ಡು ಕೊಟ್ಟ ಆ್ಯಪ್‌ನಲ್ಲಿ ಅದೇ ಪಾಠವನ್ನು ಇನ್ನೊಮ್ಮೆ ಕೇಳುತ್ತಾರೆ. ಹೀಗೆ ಪೋಲಾಗುವುದು ರೋಗಿಯ ಬಳಿ ಕಳೆಯಬೇಕಾದ ಹೊತ್ತು.

ಲೆಕ್ಚರ್ ಒಟ್ಟು ಬೋಧನಾ ಅವಧಿಯ ಮೂರನೇ ಒಂದು ಭಾಗ ಮೀರಬಾರದೆಂದು 2019ರ ಪಠ್ಯಕ್ರಮವೇ ಹೇಳುತ್ತದೆ. ಆ ಭಾಗವನ್ನು ಧಾರಾಳವಾಗಿ ಆನ್‌ಲೈನಿಗೆ ಕಳಿಸೋಣ. ಬಯೊಕೆಮಿಸ್ಟ್ರಿಯ ಚಕ್ರಗಳನ್ನು, ಔಷಧಗಳ ವರ್ಗೀಕರಣವನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದೇ ಅನುಕೂಲ. ಮಿಟ್ರಲ್ ಕವಾಟ ಕಿರಿದಾದಾಗ ಬರುವ ಗುಡುಗುಡು ಸದ್ದನ್ನು ಇಯರ್‌ಫೋನಿನಲ್ಲಿ ಹತ್ತಾರು ಸಲ ಕೇಳಿ ಕಿವಿ ಪಳಗಿಸಿಕೊಳ್ಳಬಹುದು. ಪೀಜಿಗಳಿಗೆ ಕಡ್ಡಾಯವಾದ ಸಂಶೋಧನಾ ಕೋರ್ಸನ್ನು ಐಸಿಎಂಆರ್‌ನ ಚೆನ್ನೈ ಸಂಸ್ಥೆ ಆನ್‌ಲೈನಿನಲ್ಲೇ ನಡೆಸುತ್ತಿದೆ.

ಆದರೆ ಊದಿಕೊಂಡ ಲಿವರ್‌ನ ಅಂಚು, ರೋಗಿ ಉಸಿರೆಳೆದಾಗ ಕೆಳಗಿಳಿದು ಬೆರಳಿಗೆ ತಾಕುತ್ತದಲ್ಲ, ಅದನ್ನು ಯಾವ ವಿಡಿಯೊ ಕಲಿಸೀತು? ಹಾವೇರಿ ಕಡೆಯ ಅಜ್ಜಿ 'ಎದಿ ಹಿಡಿದಂಗ ಆಗೇತಿ' ಎಂದರೆ ಅದು ಹೃದಯದ ನೋವೋ, ಉಬ್ಬಸವೋ, ಬರೀ ಗ್ಯಾಸೋ? ಅವಳ ಮಾತಿನಲ್ಲೇ ಕೇಳಿ, ಮುಖ ನೋಡಿ, ನಾಡಿ ಹಿಡಿದು ಬಿಡಿಸಬೇಕು. ಪಕ್ಕದಲ್ಲಿ ನಿಂತ ಮೇಷ್ಟ್ರು 'ಇದನ್ನು ಯಾಕೆ ಕೇಳಲಿಲ್ಲ?' ಎಂದು ತಿದ್ದಬೇಕು. ವೈದ್ಯ ತಯಾರಾಗುವುದು ಅಲ್ಲಿ. ಕೋವಿಡ್, ಯುದ್ಧಗಳಿಂದಾಗಿ ವಿದೇಶದಿಂದ ಮರಳಿ ಕೊನೆಯ ವರ್ಷವನ್ನು ಆನ್‌ಲೈನಿನಲ್ಲಿ ಮುಗಿಸಿದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಒಂದರ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಿತು. ಮಕ್ಕಳಿಗೆ ಅದು ಕಷ್ಟವೇ ಆಯಿತು, ಆದರೂ ಅದರ ಹಿಂದಿನ ವಿಚಾರ ಸರಿಯಾಗಿತ್ತು.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಒಳ್ಳೆಯ ಬೋಧಕರ ಲೆಕ್ಚರ್‌ಗಳನ್ನು ಚಿತ್ರೀಕರಿಸಿ ರಾಜ್ಯದ ಎಲ್ಲ ಕಾಲೇಜುಗಳಿಗೂ ಉಚಿತವಾಗಿ ಕೊಡಲಿ. ಯಾದಗಿರಿಯ ವಿದ್ಯಾರ್ಥಿಗೂ ಬೆಂಗಳೂರಿನವನಿಗೆ ಸಿಗುವ ಪಾಠವೇ ಸಿಗಲಿ. ಹೀಗೆ ಲೆಕ್ಚರ್‌ನಿಂದ ಉಳಿದ ಗಂಟೆಗಳನ್ನು ವೇಳಾಪಟ್ಟಿಯಲ್ಲಿ ವಾರ್ಡಿಗೆಂದೇ ಬರೆದಿಡಲಿ, ಮನೆಗೆ ಹೋಗುವ ಬಿಡುವಾಗಿ ಅಲ್ಲ. ನನಗಿರುವ ಭಯ ಒಂದೇ: ವಿಡಿಯೊ ಇದೆಯಲ್ಲ ಎಂದು ಆಡಳಿತ ಮಂಡಳಿಗಳು ಬೋಧಕರ ಹುದ್ದೆಗಳನ್ನು ಖಾಲಿ ಬಿಡಬಹುದು. ಹಾಗೆ ಮಾಡುವ ಕಾಲೇಜಿಗೆ ಆಯೋಗ ಸೀಟು ಕೊಡಬಾರದು.