ಉತ್ತರ ಬಾರದವರಿಗೂ ಸಾಕ್ಷಿಯಿದೆ

ಬಿಡದೆ ಪ್ರಾರ್ಥಿಸಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ನಿಮ್ಮ ವಿಶ್ವಾಸವೇ ಸಾಲದು ಎಂಬ ಬೋಧನೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಬೇರೂರುತ್ತಿದೆ. ಬಳ್ಳಾರಿಯಲ್ಲಿ ಸಂಡೇಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತ ಬಂದ ನನಗೆ ಇದು ಒಪ್ಪಿಗೆಯಿಲ್ಲ. ತನ್ನನ್ನು ಚುಚ್ಚುತ್ತಿದ್ದ ಶೂಲವನ್ನು ತೆಗೆದುಬಿಡು ಎಂದು ಪೌಲನು ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ. ಪೌಲನ ವಿಶ್ವಾಸ ಸಾಲದಾಗಿತ್ತು ಎಂದು ಯಾವ ಬೋಧಕರು ಹೇಳಿಯಾರು?

ಮಕ್ಕಳಿಗೆ ತಾಳ್ಮೆಯ ಪಾಠ ಮಾಡುವಾಗ ನಾನು ವಿಲಿಯಂ ಕೇರಿಯ ಕಥೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಈ ಮನುಷ್ಯ 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದ. ಆ ಮಿಷನ್ನಿನ ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ ಕೊನೆಯಲ್ಲಿ. ನಡುವಿನ ಏಳು ವರ್ಷ ಎಣಿಸಿ ತೋರಿಸುವಂಥ ಫಲವೇನೂ ಇರಲಿಲ್ಲ.

1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದಲ್ಲಿದ್ದ ಆ ಮಿಷನ್ನಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಜೊತೆಗಾರ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಸುಟ್ಟುಹೋಗಿದ್ದವು. ಅವುಗಳಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಇದನ್ನು ಹೇಳಿದಾಗ ನಮ್ಮ ಮಕ್ಕಳು ಬೆರಗಾಗುತ್ತಾರೆ. ಅಕ್ಷರ ಎರಕಹೊಯ್ಯುವ ಅಚ್ಚುಗಳು ಮಾತ್ರ ಹೇಗೋ ಉಳಿದಿದ್ದವು. ಕರಗಿ ಗಟ್ಟಿಯಾದ ಸೀಸವನ್ನು ಬೂದಿಯಿಂದ ಹೆಕ್ಕಿ ತೆಗೆದು, ಮತ್ತೆ ಕಾಯಿಸಿ ಮೊಳೆ ಎರಕಹೊಯ್ದರು. ಕೇರಿ ಕುಳಿತು ಮೊದಲಿನಿಂದ ಬರೆಯತೊಡಗಿದರು. ಒಮ್ಮೆ ನಡೆದ ದಾರಿಯನ್ನು ಎರಡನೇ ಸಲ ನಡೆಯುವುದು ಸುಲಭ ಎಂಬುದು ಅವರ ಸಮಾಧಾನವಾಗಿತ್ತು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಗಿ ಬಂತು.

ನಮ್ಮ ಬೋಧಕರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಛಲ ಗೆದ್ದಿತು, ಹಲ್ಲೆಲೂಯ. ಆದರೆ ಅದೇ ಬೆಂಕಿಯಲ್ಲಿ ಹೋದ ಬಹುಭಾಷಾ ನಿಘಂಟನ್ನು ಕೇರಿಗೆ ಮತ್ತೆ ಬರೆದು ಮುಗಿಸಲಾಗಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೊಂದು ಅವರ ಮನೆಯೊಳಗೇ ಆಗಿತ್ತು. ಹೆಂಡತಿ ಡೊರೊತಿ ಭಾರತಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆ ತಾಯಿಯ ಮನಸ್ಸು ಕದಡಿತು, 1807ರಲ್ಲಿ ಸಾಯುವವರೆಗೂ ತಿಳಿಯಾಗಲಿಲ್ಲ. ಗಂಡ ಅನುವಾದ ಮಾಡುತ್ತಿದ್ದ ಮನೆಯಲ್ಲೇ ಅವರನ್ನು ಕೋಣೆಯೊಳಗೆ ಕೂಡಿಹಾಕಬೇಕಾದ ದಿನಗಳಿದ್ದವು. ಕೇರಿಯ ಛಲಕ್ಕೆ ಬೆಲೆ ತೆತ್ತವರು ಡೊರೊತಿ. ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಸತ್ಯ. ಆಕೆಗಾಗಿ ಆ ಮನೆಯಲ್ಲಿ ಪ್ರಾರ್ಥನೆ ನಡೆಯದೆ ಇದ್ದೀತೆ?

ಆದ್ದರಿಂದ ಕೇರಿಯನ್ನು ಗೆದ್ದವರ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ. 1834ರಲ್ಲಿ ಶ್ರೀರಾಮಪುರದಲ್ಲೇ ಕಣ್ಮುಚ್ಚುವವರೆಗೆ ಆತ ಒಮ್ಮೆಯೂ ಸ್ವದೇಶಕ್ಕೆ ಮರಳದೆ ದಿನದ ಕೆಲಸವನ್ನು ದಿನವೂ ಮಾಡಿದ. ಕ್ರೈಸ್ತನ ತಾಳ್ಮೆ ಎಂದರೆ ನನಗೆ ಅಷ್ಟೇ ಅರ್ಥವಾಗಿರುವುದು. ದೇವರನ್ನು ಒಪ್ಪಿಸುವ ಹಟ ಅದಲ್ಲ. ಆತ ಒಪ್ಪದೆ ಹೋದ ಮೇಲೂ ಆತನ ಜೊತೆಗಿರುವುದು.

ನಮ್ಮ ಊರಿಗೂ ಇಂಥದೇ ತಾಳ್ಮೆಯ ಋಣವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ಜೊತೆಗಾರರೂ ದುಡಿದ ಕನ್ನಡ ಸತ್ಯವೇದ ಪೂರ್ತಿಯಾಗಿ ಕೈಗೆ ಬರಲು ಸುಮಾರು ಎರಡು ದಶಕ ಹಿಡಿಯಿತು.

ಈಗ ನಮ್ಮ ಸಭೆಯ ಸಾಕ್ಷಿ ಹೇಳುವ ಸಮಯವನ್ನು ನೋಡಿ. ಮಗನಿಗೆ ಕೆಲಸವಾಯಿತು, ಗೆಡ್ಡೆ ಕರಗಿತು, ವೀಸಾ ಬಂತು ಎನ್ನುವವರು ಎದ್ದು ನಿಲ್ಲುತ್ತಾರೆ. ಅವರ ಸಂತೋಷದಲ್ಲಿ ನಾನೂ ಸ್ತೋತ್ರ ಹೇಳುತ್ತೇನೆ. ಆದರೆ ಲಕ್ವ ಹೊಡೆದ ಗಂಡನನ್ನು ಎಷ್ಟೋ ವರ್ಷಗಳಿಂದ ಎತ್ತಿ, ತೊಳೆದು, ಉಣಿಸುತ್ತಿರುವ ಅಕ್ಕ ಒಬ್ಬರು ನಮ್ಮಲ್ಲಿದ್ದಾರೆ. ಅವರು ಎದ್ದದ್ದನ್ನು ನಾನು ಕಂಡಿಲ್ಲ. ಯಾಕಕ್ಕಾ ಎಂದು ಕೇಳಿದರೆ, "ಹೇಳಾಕ ನನ್ ಹತ್ರ ಏನೈತಿ ಟೀಚರಮ್ಮಾ, ಅವರು ಇನ್ನೂ ಹಂಗ ಅದಾರಲ್ಲ" ಎಂದರು. ಬೆನ್ನುಹುಣ್ಣಾಗದಂತೆ ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಎದ್ದು ಗಂಡನನ್ನು ಮಗ್ಗುಲು ಬದಲಿಸುವ ಹೆಣ್ಣುಮಗಳಿಗೆ, ಹೇಳಿಕೊಳ್ಳಲು ತನ್ನಲ್ಲಿ ಏನೂ ಇಲ್ಲ ಎಂದು ಅನಿಸುವಂತೆ ಮಾಡಿದವರು ನಾವೇ. ಎಂಥ ಅನ್ಯಾಯ ಇದು! ಅವರ ಮುಂದೆ ವಿಶ್ವಾಸದ ಕೊರತೆಯ ಮಾತಾಡುವುದು ಕ್ರೂರತನ.

ಸಭಾಪಾಲಕರಿಗೂ ಹಿರಿಯರಿಗೂ ನನ್ನದೊಂದು ಬೇಡಿಕೆಯಿದೆ. ಸಾಕ್ಷಿಗೆ ಕರೆಯುವಾಗ, ಇನ್ನೂ ಉತ್ತರ ಬಾರದೆ ಕಾಯುತ್ತಿರುವವರು ಕೂಡ ಬಂದು ಮಾತಾಡಿ ಎಂದು ಬಾಯಿಬಿಟ್ಟು ಹೇಳಿ. ಅವರು ಅತ್ತರೆ ಅಳಲಿ, ದೇವರ ಮೇಲೆ ದೂರು ಹೇಳಿದರೆ ಹೇಳಲಿ. ಕೀರ್ತನೆಗಳ ತುಂಬ ಅಂಥ ದೂರುಗಳಿವೆ. ಮಾತಿಗೇ ನಿಲ್ಲಿಸುವುದೂ ಬೇಡ. ರೋಗಿಗಳಿರುವ ಮನೆಗಳ ಪಟ್ಟಿ ಸಭೆಯ ಕಚೇರಿಯಲ್ಲಿ ಹೇಗೂ ಇರುತ್ತದೆ. ಪ್ರತಿ ಭಾನುವಾರ ಯುವಜನರ ಕೂಟದಿಂದ ಇಬ್ಬರು ಸರದಿಯಂತೆ ಅಂಥ ಮನೆಗೆ ಹೋಗಿ ಎರಡು ತಾಸು ಕೂತರೆ, ಮನೆಯಲ್ಲಿ ಆರೈಕೆ ಮಾಡುವವರು ನಿಶ್ಚಿಂತೆಯಿಂದ ಆರಾಧನೆಗೆ ಬರಬಹುದು. ಮುಂದಿನ ಕಮಿಟಿ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಲಿ.